ಹರ್ಡ್ ಇಮ್ಯುನಿಟಿ ಎಲ್ಲ ಕಾಯಿಲೆಗೂ ಇಲ್ಲ

ಸಂಪಾದಕರೇ,

ಕೋವಿಡ್ ಬಂದು ಹೋದ ಮೇಲೆ ‘ಹರ್ಡ್ ಇಮ್ಯುನಿಟಿ’ (ಬಹುಪಾಲು ಜನರಿಗೆ ರೋಗನಿರೋಧಕ ಶಕ್ತಿ ಇದ್ದರೆ ಉಳಿದವರಿಗೂ ಸಿಗುವ ರಕ್ಷಣೆ) ಅನ್ನುವ ಮಾತು ನಮ್ಮ ಚಿಂತಾಮಣಿಯ ಟೊಮೆಟೊ ಮಂಡಿಯಲ್ಲೂ ಓಡಾಡುತ್ತಿದೆ. ‘ಊರಲ್ಲಿ ಎಲ್ಲ ಮಕ್ಕಳಿಗೂ ಲಸಿಕೆ ಆಗಿದೆ, ನಮ್ಮ ಮಗೂಗೆ ಯಾಕೆ ಸುಮ್ನೆ ಚುಚ್ಚಿಸೋದು’ ಎಂದು ಓದಿದವರೇ ಕೇಳುತ್ತಾರೆ. ಪಕ್ಕದ ಮನೆಯವರೂ ಹೀಗೇ ಅಂದುಕೊಂಡರೆ? ದಡಾರ ಎಷ್ಟು ಬೇಗ ಹರಡುತ್ತದೆ ಎಂದರೆ, ಅದನ್ನು ತಡೆಯಲು ನೂರಕ್ಕೆ ಸುಮಾರು 95 ಜನರಲ್ಲಿ ರೋಗನಿರೋಧಕ ಶಕ್ತಿ ಇರಬೇಕು, ಆಗ ಮಾತ್ರ ಇನ್ನೂ ಲಸಿಕೆಯ ವಯಸ್ಸಾಗದ ಎಳೆಗೂಸು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಉಳಿದವರ ಮರೆಯಲ್ಲಿ ಬಚಾವಾಗುತ್ತಾರೆ. ಅವರ ಜಾಗವನ್ನು ನಾವು ಸೋಮಾರಿತನಕ್ಕೆ ಬಳಸಿಕೊಂಡರೆ ಹೇಗೆ? ದಡಾರ ಲಸಿಕೆಯ ಮೊದಲ ಡೋಸ್ 9 ತಿಂಗಳು ತುಂಬಿದಾಗ, ಎರಡನೆಯದು 16ರಿಂದ 24 ತಿಂಗಳೊಳಗೆ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೊಡಬೇಕಿಲ್ಲ.

ಧನುರ್ವಾಯುವಿಗಂತೂ ಈ ಲೆಕ್ಕವೇ ಇಲ್ಲ. ಅದು ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ, ಮಣ್ಣಿನಲ್ಲಿರುವ ರೋಗಾಣು ಗಾಯದೊಳಗೆ ಸೇರಿ ಬರುತ್ತದೆ. ಇಡೀ ಊರು ಲಸಿಕೆ ಹಾಕಿಸಿಕೊಂಡರೂ, ಗುದ್ದಲಿ ಕಾಲಿಗೆ ಬಿದ್ದವನಿಗೆ ಅವನ ಲಸಿಕೆಯೇ ಗತಿ. ಹೊಲದಲ್ಲಿ ದುಡಿಯುವ ನಮ್ಮ ಕಡೆ ಇದನ್ನೇ ಜಾಸ್ತಿ ಹೇಳಬೇಕಲ್ವಾ? ನಿಮ್ಮ ಆರೋಗ್ಯ ಪುಟದಲ್ಲಿ ಈ ಪದ ಬಳಸುವಾಗ ಯಾವ ಕಾಯಿಲೆಯ ಮಾತು ಎಂದು ಒಂದು ಸಾಲು ಸೇರಿಸಿ.

– ಓದುಗ, ಚಿಂತಾಮಣಿ