ಬಸುರಿಯ ಚಳಿಜ್ವರವನ್ನು ನಮಗೆ ಮೊದಲೇ ಹೇಳಿ

ಮಾನ್ಯ ಸಂಪಾದಕರೇ,

ನಾನು 18 ವರ್ಷದಿಂದ ಹೆರಿಗೆ ಆಪರೇಷನ್‌ಗಳಿಗೆ ಅರಿವಳಿಕೆ ಕೊಡುತ್ತಿರುವ ವೈದ್ಯೆ. ಕಳೆದ ತಿಂಗಳು ಒಂದು ರಾತ್ರಿ ತುರ್ತು ಸಿಸೇರಿಯನ್‌ಗೆ ಒಬ್ಬ ತಾಯಿ ಬಂದಳು. ಬೆನ್ನಿಗೆ ಇಂಜೆಕ್ಷನ್ ಕೊಡಲು ಎಲ್ಲ ಸಿದ್ಧವಾಗಿತ್ತು. ಬೆನ್ನು ಮುಟ್ಟಿದರೆ ಕೆಂಡ. ಹಲ್ಲು ಕಟಕಟ ಅನ್ನುತ್ತಿತ್ತು. ಕೇಳಿದಾಗ, ‘ಮೂರು ದಿನದಿಂದ ಹೀಗೇ ಮೇಡಂ’ ಎಂದಳು. ಕೇಸ್ ಶೀಟಿನಲ್ಲಿ ಜ್ವರದ ಮಾತೇ ಇರಲಿಲ್ಲ.

ರಕ್ತ ಪರೀಕ್ಷೆಯಲ್ಲಿ ಮಲೇರಿಯಾ ಸಿಕ್ಕಿತು. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳು ಬರೀ 42 ಸಾವಿರ. ಇಷ್ಟು ಕಡಿಮೆ ಇದ್ದಾಗ ಬೆನ್ನಿಗೆ ಸೂಜಿ ಚುಚ್ಚಿದರೆ ಒಳಗೆ ರಕ್ತ ಸೋರಿ, ಗಡ್ಡೆಯಾಗಿ ನರ ಅದುಮಬಹುದು, ಕಾಲಿನ ಶಕ್ತಿಯೇ ಹೋಗಬಹುದು. ಹಾಗಾಗಿ ಪೂರ್ತಿ ಪ್ರಜ್ಞೆ ತಪ್ಪಿಸಿ ಆಪರೇಷನ್ ಮಾಡಿದೆವು.

ಅದರಲ್ಲೂ ಒಂದು ಅಪಾಯವಿದೆ. ಮಲೇರಿಯಾ ತೀವ್ರವಾದರೆ ರಕ್ತದ ಸಕ್ಕರೆ ಅಂಶ ಕುಸಿಯಬಹುದು, ಬಸುರಿಯರಲ್ಲಿ ಈ ಅಪಾಯ ಇನ್ನೂ ಜಾಸ್ತಿ. ಮಲೇರಿಯಾ ಔಷಧಿ ಕ್ವಿನೈನ್ ಕೊಟ್ಟಿದ್ದರಂತೂ ಕೇಳುವುದೇ ಬೇಡ. ಎಚ್ಚರ ಇದ್ದವಳು ಬೆವರುತ್ತಾಳೆ, ತಲೆಸುತ್ತು ಎನ್ನುತ್ತಾಳೆ. ಪ್ರಜ್ಞೆ ಇಲ್ಲದವಳು ಏನು ಹೇಳಿಯಾಳು? ನಾವೇ ಬೆರಳು ಚುಚ್ಚಿ ನೋಡುತ್ತಲೇ ಇರಬೇಕು. ಆ ರಾತ್ರಿ ಸಕ್ಕರೆ 48ಕ್ಕೆ ಇಳಿದಿತ್ತು. ಗ್ಲೂಕೋಸ್ ಕೊಟ್ಟೆವು. ಸಲೈನ್ ಮಾತ್ರ ಅಳತೆ ಮೀರಿ ಬಿಡಲಿಲ್ಲ, ಶ್ವಾಸಕೋಶದಲ್ಲಿ ನೀರು ತುಂಬುವ ಭಯ.

ತಾಯಿ, ಮಗು ಇಬ್ಬರೂ ಉಳಿದರು.

ಹೆರಿಗೆ ವಾರ್ಡಿನವರಲ್ಲಿ ನನ್ನದೊಂದು ಬೇಡಿಕೆ. ಜ್ವರವಿರುವ ಬಸುರಿಯನ್ನು ಕಳಿಸುವಾಗ ಮಲೇರಿಯಾ, ಪ್ಲೇಟ್‌ಲೆಟ್, ಸಕ್ಕರೆ, ಹಿಮೋಗ್ಲೋಬಿನ್ ವರದಿ ಜೊತೆಗೇ ಕಳಿಸಿ. ಯಾವ ಮಾತ್ರೆ ಎಷ್ಟು ಹೊತ್ತಿಗೆ ಕೊಟ್ಟಿರಿ ಅನ್ನೋದನ್ನೂ ಬರೆಯಿರಿ.

– ಒಬ್ಬ ಅರಿವಳಿಕೆ ವೈದ್ಯೆ