ಶವರ್ ಡೈವರ್ಟರ್ ಬಿಚ್ಚುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ಶವರ್‌ಗೆ ತಿರುಗಿಸಿದರೂ ಅರ್ಧ ನೀರು ಟಬ್ಬಿನ ನಲ್ಲಿಯಲ್ಲೇ ಸುರಿಯುತ್ತದೆ ಎಂದು ಮೂರ್ನಾಲ್ಕು ಜನ ಕೇಳಿದ್ದೀರಿ. ನೀರನ್ನು ನಲ್ಲಿಯಿಂದ ಶವರ್‌ಗೆ ತಿರುಗಿಸುವ ಭಾಗವೇ ಡೈವರ್ಟರ್. ಹಳೆಯ ಡೈವರ್ಟರ್‌ನಲ್ಲಿ ಜಾಸ್ತಿ ಕೆಡುವುದು ಒಳಗಿನ ರಬ್ಬರ್ ವಾಷರ್. ಇಲ್ಲವೇ ಗಡಸು ನೀರಿನ ಬಿಳಿ ಪದರ ಕಟ್ಟಿರುತ್ತದೆ. ಇಷ್ಟಕ್ಕೆಲ್ಲ ಸುಮ್ನೆ ಇಡೀ ಸೆಟ್ ಬದಲಿಸಬೇಡಿ.

ಮೊದಲು ಬಿಸಿನೀರು, ತಣ್ಣೀರು ಎರಡರ ವಾಲ್ವ್ ಬಂದ್ ಮಾಡಿ. ನಲ್ಲಿ ತೆರೆದು ಪೈಪಿನಲ್ಲಿ ಉಳಿದ ನೀರು ಹರಿಯಲು ಬಿಡಿ. ನೀರು ಹೋಗುವ ತೂತಿನ ಮೇಲೆ ಬಟ್ಟೆ ಹಾಸಿ. ನಾನು ಹಾಸದೆ, ಇದ್ದ ಒಂದೇ ಸ್ಕ್ರೂ ಕಳೆದುಕೊಂಡೆ!

ಹಿಡಿಕೆ ತೆಗೆದ ಮೇಲೆ ಸ್ಪಿಂಡಲ್ (ಹಿಡಿಕೆಯ ಹಿಂದೆ ತಿರುಗುವ ಕಡ್ಡಿ) ಅನ್ನು ಸ್ಪ್ಯಾನರ್‌ನಿಂದ ನಿಧಾನವಾಗಿ ಬಿಚ್ಚಿ. ಜಗ್ಗದಿದ್ದರೆ ಜೋರು ಮಾಡಬೇಡಿ, ಗೋಡೆಯೊಳಗಿನ ಪೈಪ್ ತಿರುಚಿಕೊಂಡರೆ ಕೆಲಸ ದೊಡ್ಡದಾಗುತ್ತದೆ. ಆಗ ಪ್ಲಂಬರ್‌ನ ಕರೆಯುವುದೇ ವಾಸಿ. ಪದರ ಕಟ್ಟಿದ್ದರೆ ಆ ಭಾಗವನ್ನು ಬಿಳಿ ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಸಿ, ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ. ಹಳೆಯ ವಾಷರ್, ಓ-ರಿಂಗ್ (ನೀರು ಸೋರದಂತೆ ಹಾಕುವ ರಬ್ಬರ್ ಉಂಗುರ) ಅಂಗಡಿಗೇ ಒಯ್ದು ಅದೇ ಅಳತೆಯದು ತನ್ನಿ. ಕಣ್ಣಳತೆ ಕೈಕೊಡುತ್ತದೆ. ಜೋಡಿಸುವಾಗ ಸ್ವಲ್ಪ ಸಿಲಿಕೋನ್ ಗ್ರೀಸ್ ಹಚ್ಚಿ. ಪೆಟ್ರೋಲಿಯಂ ಜೆಲ್ಲಿ ಬೇಡ, ಕೆಲವು ರಬ್ಬರ್ ಅದಕ್ಕೆ ಉಬ್ಬುತ್ತವೆ.

ನಲ್ಲಿಯ ಮೇಲೇ ಎಳೆಯುವ ಗುಂಡಿ ಇರುವ ಬಗೆಯಾದರೆ ಇಷ್ಟೆಲ್ಲ ಬೇಕಿಲ್ಲ. ಆ ನಲ್ಲಿಯನ್ನೇ ಬದಲಿಸುವುದು ಸುಲಭ.

ಬಿಚ್ಚುವಾಗ ಒಂದೊಂದು ಹಂತಕ್ಕೂ ಫೋಟೊ ತೆಗೆದಿಟ್ಟುಕೊಳ್ಳಿ. ಎಲ್ಲಾದರೂ ಸಿಕ್ಕಿಕೊಂಡರೆ ಆ ಫೋಟೊ ಇಲ್ಲೇ ಹಾಕಿ, ನೋಡೋಣ.