28 ದಿನಗಳ ಗಡುವನ್ನು ಕೋರ್ಟಿನಲ್ಲೇ ತಿಳಿಸಲಿ

ಮಾನ್ಯರೇ,

ಓದಲು, ದುಡಿಯಲು ಮಕ್ಕಳನ್ನು ಇಂಗ್ಲೆಂಡಿಗೆ ಕಳುಹಿಸಿದ ಮನೆಗಳು ಕರ್ನಾಟಕದಲ್ಲಿ ಬಹಳ ಇವೆ. ಅಪರಾಧಿಗೆ ಕೊಟ್ಟ ಶಿಕ್ಷೆ ಕಡಿಮೆಯಾಯಿತು ಎನಿಸಿದರೆ ಅದರ ಮರುಪರಿಶೀಲನೆ ಕೇಳಲು ಇಂಗ್ಲೆಂಡಿನಲ್ಲಿ 28 ದಿನಗಳ ಗಡುವಿದೆ; ಅವರಿಗೂ ಇಂಗ್ಲೆಂಡಿನಲ್ಲೇ ಇರುವ ನಮ್ಮವರಿಗೂ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಬೀದಿಯ ಅಂಗಡಿಗೆ ರಾತ್ರಿ ದರೋಡೆಗೆ ನುಗ್ಗಿದವನು ಚಾಕು ಬೀಸಿದ್ದರಿಂದ ನನ್ನ ಸ್ನೇಹಿತರ ಬಲಗೈಯ ನರ ತುಂಡಾಯಿತು. ಇಂದಿಗೂ ಆ ಕೈಯಲ್ಲಿ ಅನ್ನ ಕಲಸಲು ಅವರಿಂದ ಆಗುವುದಿಲ್ಲ. ಗಂಭೀರ ಅಪರಾಧಗಳ ವಿಚಾರಣೆ ನಡೆಸುವ ಕ್ರೌನ್ ಕೋರ್ಟ್ ಕೊಟ್ಟ ಶಿಕ್ಷೆ ತೀರಾ ಕಡಿಮೆಯಾಯಿತೆಂದು ಮನೆಯವರು ನೊಂದುಕೊಂಡರು. ಮುಂದೆ ದಾರಿ ಇದೆ ಎಂದು ಮಾತ್ರ ಯಾರೂ ಹೇಳಲಿಲ್ಲ.

ದಾರಿ ಇತ್ತು. ಕೊಲೆ, ಅತ್ಯಾಚಾರ, ದರೋಡೆಯಂಥ ಪ್ರಕರಣಗಳಲ್ಲಿ ಶಿಕ್ಷೆ ಅತಿ ಸಡಿಲವಾಯಿತು ಎನಿಸಿದರೆ ಯಾರು ಬೇಕಾದರೂ ಸರ್ಕಾರದ ಮುಖ್ಯ ಕಾನೂನು ಸಲಹೆಗಾರರಾದ ಅಟಾರ್ನಿ ಜನರಲ್‌ಗೆ ಬರೆಯಬಹುದು. ಅವರಿಗೆ ಸರಿ ಕಂಡರೆ ಪ್ರಕರಣವನ್ನು ಮೇಲ್ಮನವಿ ನ್ಯಾಯಾಲಯಕ್ಕೆ ಒಯ್ಯುತ್ತಾರೆ. 1988ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆ ತೆರೆದ ದಾರಿ ಇದು. (ಎಲ್ಲ ಹಲ್ಲೆ ಪ್ರಕರಣಗಳೂ ಇದರೊಳಗೆ ಬರುವುದಿಲ್ಲ.) ವಕೀಲರು ಬೇಕಿಲ್ಲ, ಶುಲ್ಕವೂ ಇಲ್ಲ. ಆದರೆ ಶಿಕ್ಷೆಯಾಗಿ 28 ದಿನಗಳೊಳಗೆ ಎಲ್ಲವೂ ಆಗಬೇಕು. ಆ ಮನೆಗೆ ಸುದ್ದಿ ಮುಟ್ಟಿದ್ದು 31ನೆಯ ದಿನ. ಸ್ನೇಹಿತರ ಹೆಂಡತಿ ಅಡುಗೆಮನೆಯ ಕ್ಯಾಲೆಂಡರಿನ ಮನೆಗಳ ಮೇಲೆ ಬೆರಳಿಟ್ಟು ಮತ್ತೆ ಮತ್ತೆ ಎಣಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಶಿಕ್ಷೆಗೊಳಗಾದವನಿಗೂ ಮೇಲ್ಮನವಿಗೆ 28 ದಿನಗಳೇ. ಆದರೆ ಅವನು ತಡಮಾಡಿದರೆ, ತಕ್ಕ ಕಾರಣವಿದ್ದಲ್ಲಿ ನ್ಯಾಯಾಲಯ ಅವಧಿಯನ್ನು ವಿಸ್ತರಿಸಬಲ್ಲದು. ಸಂತ್ರಸ್ತರ ಕಡೆಯವರಿಗೆ ಒಂದೇ ದಿನ ತಪ್ಪಿದರೂ ಬಾಗಿಲು ಮುಚ್ಚಿದಂತೆ. ಅವನ ಹಕ್ಕನ್ನು ಮೊಟಕುಗೊಳಿಸಿ ಎಂದು ನಾನು ಕೇಳುತ್ತಿಲ್ಲ. ತಪ್ಪಾಗಿ ಹೆಚ್ಚು ಶಿಕ್ಷೆಯಾಗಿದ್ದರೆ ಅದು ತಡವಾಗಿಯಾದರೂ ಸರಿಯಾಗಲೇಬೇಕು.

ಬರೆದ ಮಾತ್ರಕ್ಕೆ ಶಿಕ್ಷೆ ಹೆಚ್ಚುತ್ತದೆ ಎಂದೇನೂ ಇಲ್ಲ. 2019ರಲ್ಲಿ ಬರ್ಕ್‌ಷೈರಿನಲ್ಲಿ ಕಳ್ಳರ ಕಾರು ಪೊಲೀಸ್ ಕಾನ್‌ಸ್ಟೆಬಲ್ ಒಬ್ಬರನ್ನು ಎಳೆದೊಯ್ದು ಕೊಂದಿತು. 16 ಮತ್ತು 13 ವರ್ಷಗಳ ಶಿಕ್ಷೆ ಸಾಲದೆಂದು ಅಟಾರ್ನಿ ಜನರಲ್ ಮೇಲಿನ ಕೋರ್ಟಿಗೆ ಹೋದರೂ 2020ರ ಡಿಸೆಂಬರಿನಲ್ಲಿ ಅದು ಹೆಚ್ಚಿಸಲು ಒಪ್ಪಲಿಲ್ಲ, ಕಡಿಮೆ ಮಾಡಲೂ ಇಲ್ಲ. ಆದರೂ ಒಮ್ಮೆ ಕೂತು ತೂಗಿ ನೋಡಿತಲ್ಲ! ನಮ್ಮ ಸ್ನೇಹಿತರಿಗೆ ಅಷ್ಟೂ ಸಿಗಲಿಲ್ಲ.

ಶಿಕ್ಷೆ ಓದಿದ ದಿನವೇ, ಕೊನೆಯ ದಿನಾಂಕ ಬರೆದ ಚೀಟಿಯೊಂದನ್ನು ಸಂತ್ರಸ್ತರ ಕೈಗೆ ಕೊಡಲಿ. ಇಂಗ್ಲಿಷ್ ಬಾರದವರಿಗೆ ದುಭಾಷಿ ಅದನ್ನು ಓದಿ ಹೇಳಲಿ. ಇಲ್ಲಿನ ಕನ್ನಡ ಸಂಘಗಳೂ ರಾಜ್ಯೋತ್ಸವದ ಸಭೆಯಲ್ಲಿ ಇದಕ್ಕೆ ಐದು ನಿಮಿಷ ಕೊಡಲಿ. ಅರ್ಜಿ ಬರೆದುಕೊಡಲು ನಾನು ಸಿದ್ಧನಿದ್ದೇನೆ.

ಒಬ್ಬ ಓದುಗ
ಲೆಸ್ಟರ್, 12–3–2024